ಮಯಾಮಿ ಬೀಚ್‌ನ ಸಿನಿಮಾ ಹಬ್ಬಕ್ಕೆ ನಗರಸಭೆ ಯಾಕೆ ಹಣ ಕೊಡುತ್ತದೆ?

ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ಬೀಚ್‌ನಲ್ಲಿ ಬೇಸಿಗೆಯ ನಾಲ್ಕೈದು ದಿನ ಒಂದು ಸಿನಿಮಾ ಹಬ್ಬ ನಡೆಯುತ್ತದೆ. ಹೆಸರು ಅಮೆರಿಕನ್ ಬ್ಲ್ಯಾಕ್ ಫಿಲ್ಮ್ ಫೆಸ್ಟಿವಲ್. ಕಪ್ಪು ನಿರ್ದೇಶಕರು, ನಟರು, ಬರಹಗಾರರು ತಮ್ಮ ಕೆಲಸ ತೋರಿಸೋಕೆ, ಮುಂದಿನ ಕೆಲಸ ಹುಡುಕೋಕೆ ಇಲ್ಲಿಗೆ ಬರುತ್ತಾರೆ. ಪ್ರಾಯೋಜಕರ ಪಟ್ಟಿಯಲ್ಲಿ ಎಚ್‌ಬಿಒ ತರಹದ ದೊಡ್ಡ ಟಿವಿ ಕಂಪನಿಗಳಿವೆ. ಅವುಗಳ ಜೊತೆಗೇ ಮಯಾಮಿ ಬೀಚ್ ನಗರದ ಹೆಸರೂ ಇದೆ.

ಕಂಪನಿ ಹಣ ಹಾಕಿದರೆ ಯಾರೂ ಕೇಳುವುದಿಲ್ಲ. ನಗರ ಹಣ ಹಾಕಿದರೆ ಮಾತ್ರ ಪ್ರಶ್ನೆ ಏಳುತ್ತದೆ. ಒಂದು ಸಮುದಾಯದ ಕಲಾವಿದರ ಹಬ್ಬಕ್ಕೆ ಸಾರ್ವಜನಿಕರ ದುಡ್ಡು ಯಾಕೆ ಅಂತ. ಉತ್ತರ ಬೇಕಾದರೆ ಸಿನಿಮಾ ಬಿಟ್ಟು ಆ ಊರಿನ ಸೇತುವೆಗಳ ಕಡೆ ನೋಡಬೇಕು.

ಮಯಾಮಿ ಬೀಚ್ ಒಂದು ದ್ವೀಪ. ಮಯಾಮಿ ನಗರದಿಂದ ಕೊಲ್ಲಿ ದಾಟಿ ಸೇತುವೆ ಮೇಲೆ ಬರಬೇಕು. 20ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿನ ಹೋಟೆಲ್‌ಗಳಲ್ಲಿ ಹಾಸಿಗೆ ಸರಿಮಾಡುವವರು, ಅಡುಗೆಯವರು, ಸಾಮಾನು ಹೊರುವವರು ಬಹುತೇಕ ಕಪ್ಪು ಜನ. ಕೆಲಸಕ್ಕೆ ಬರಬಹುದು, ಆದರೆ ಕತ್ತಲಾಗುವಷ್ಟರಲ್ಲಿ ಸೇತುವೆ ದಾಟಿ ವಾಪಸ್ ಹೋಗಬೇಕು. 1936ರಲ್ಲಿ ನಗರ ಒಂದು ನಿಯಮ ತಂದಿತು. ಹೋಟೆಲ್ ಮತ್ತು ಮನೆಗೆಲಸದವರು ಪೊಲೀಸರ ಬಳಿ ಹೋಗಿ ಹೆಸರು ಬರೆಸಬೇಕು, ಫೋಟೊ ತೆಗೆಸಿಕೊಳ್ಳಬೇಕು, ಬೆರಳಚ್ಚು ಕೊಡಬೇಕು, ಗುರುತಿನ ಚೀಟಿ ಇಟ್ಟುಕೊಂಡೇ ಓಡಾಡಬೇಕು. ಆ ಚೀಟಿಗಳಲ್ಲಿ ಕೆಲವು ಇವತ್ತಿಗೂ ಉಳಿದಿವೆ. ಅಂಗೈಯಷ್ಟು ಕಾರ್ಡು, ಅದರಲ್ಲೊಂದು ಮುಖ, ಒಂದು ಬೆರಳಿನ ಗುರುತು. ಕಳ್ಳರ ದಾಖಲೆ ಹೇಗಿರುತ್ತದೋ ಹಾಗೆ. ತಪ್ಪೇನು ಅಂದರೆ ಇನ್ನೊಬ್ಬರ ಹಾಸಿಗೆ ಸರಿಮಾಡೋಕೆ ಬಂದದ್ದು.

ಆ ಜನಕ್ಕೆ ಅಲ್ಲಿನ ಸಮುದ್ರವೂ ಇರಲಿಲ್ಲ. 1945ರ ಮೇ ತಿಂಗಳಲ್ಲಿ ಕೆಲವರು ಬಿಳಿಯರಿಗೆ ಮೀಸಲಾಗಿದ್ದ ಹಾಲೋವರ್ ಕಡಲತೀರದಲ್ಲಿ ನೀರಿಗಿಳಿದು ಪ್ರತಿಭಟಿಸಿದರು. ಅದಾದ ಮೇಲೆ ಆಗಸ್ಟ್‌ನಲ್ಲಿ ವರ್ಜೀನಿಯಾ ಕೀ ಎಂಬ ದ್ವೀಪದ ಕಡಲತೀರವನ್ನು ಅವರಿಗೆ ಅಂತ ಬಿಟ್ಟುಕೊಟ್ಟರು.

ಕಲಾವಿದರ ಪಾಡೂ ಬೇರೆಯಾಗಿರಲಿಲ್ಲ. ನ್ಯಾಟ್ ಕಿಂಗ್ ಕೋಲ್, ಎಲ್ಲಾ ಫಿಟ್ಜ್‌ಜೆರಾಲ್ಡ್, ಸ್ಯಾಮಿ ಡೇವಿಸ್ ಜೂನಿಯರ್ ಇವರೆಲ್ಲ ಮಯಾಮಿ ಬೀಚ್‌ನ ವೇದಿಕೆಗಳಲ್ಲಿ ಹಾಡಿ ಕುಣಿದು ಜನರನ್ನು ಮರುಳು ಮಾಡಿದವರು. ಕಾರ್ಯಕ್ರಮ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ಮಲಗೋಕೆ ಅವರಿಗೆ ಜಾಗ ಇರಲಿಲ್ಲ. ಸೇತುವೆ ದಾಟಿ ಮಯಾಮಿಯ ಕಪ್ಪು ಜನರ ಬಡಾವಣೆ ಓವರ್‌ಟೌನ್ ಕಡೆ ಹೋಗಬೇಕಿತ್ತು.

1964ರ ಫೆಬ್ರುವರಿ 25ರ ರಾತ್ರಿ ಕ್ಯಾಷಿಯಸ್ ಕ್ಲೇ ಮಯಾಮಿ ಬೀಚ್‌ನ ಕನ್ವೆನ್ಷನ್ ಹಾಲ್‌ನಲ್ಲಿ ಸಾನಿ ಲಿಸ್ಟನ್‌ನನ್ನು ಸೋಲಿಸಿ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ಆದ. ಮುಂದೆ ಮುಹಮ್ಮದ್ ಅಲಿ ಆದವನು ಅವನೇ. ಗೆದ್ದದ್ದು ದ್ವೀಪದಲ್ಲಿ, ಸಂಭ್ರಮ ಮಾತ್ರ ಆಚೆ ದಡದ ಬ್ರೌನ್ಸ್‌ವಿಲ್‌ನ ಹ್ಯಾಂಪ್ಟನ್ ಹೌಸ್‌ನಲ್ಲಿ. ಕಪ್ಪು ಜನ ಮರ್ಯಾದೆಯಿಂದ ತಂಗಬಹುದಾಗಿದ್ದ ಮೋಟೆಲ್ ಅದು. ಆ ರಾತ್ರಿಯ ಒಂದು ಫೋಟೊ ಬಹಳ ಹೆಸರುವಾಸಿ. ಬೋ ಟೈ ಕಟ್ಟಿದ ಕ್ಲೇ ಕ್ಯಾಂಟೀನಿನ ಕೌಂಟರ್‌ಗೆ ಕೂತಿದ್ದಾನೆ. ಆಚೆ ಬದಿಯಲ್ಲಿ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಂ ಎಕ್ಸ್ ಕ್ಯಾಮೆರಾ ಹಿಡಿದು ಅವನ ಚಿತ್ರ ತೆಗೆಯುತ್ತಿದ್ದಾರೆ. ಜಗತ್ತಿನ ಚಾಂಪಿಯನ್ನು ಆವತ್ತು ರಾತ್ರಿ ಕಡಲಂಚಿನ ಹೋಟೆಲ್‌ನಲ್ಲಿ ಯಾಕಿರಲಿಲ್ಲ ಅಂತ ಆ ಫೋಟೊ ನೋಡಿದಾಗಲೆಲ್ಲ ನನ್ನ ಮನಸ್ಸು ಕೇಳುತ್ತದೆ.

ಅದೇ ವರ್ಷ ದೇಶದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಾಗಿಲಲ್ಲಿ ತಡೆಯುವುದು ಕಾನೂನಿನ ಪ್ರಕಾರ ನಿಂತಿತು. ಆದರೆ ಹೋಟೆಲ್ ಉದ್ಯಮದ ಒಡೆತನ, ಮೇಲಿನ ಹುದ್ದೆಗಳು ಮೊದಲಿನವರ ಕೈಯಲ್ಲೇ ಉಳಿದವು. ಕಪ್ಪು ಜನ ಅತಿಥಿಗಳಾಗಿ ಬರಬಹುದು, ಕೆಲಸಕ್ಕೂ ಬರಬಹುದು. ಮಾಲೀಕರಾಗಿ? ಅದು ದೂರದ ಮಾತು.

1990ರಲ್ಲಿ ಕತೆ ತಿರುಗಿತು. ತಿರುಗಿಸಿದ್ದು ನೆಲ್ಸನ್ ಮಂಡೇಲಾ ಭೇಟಿ. 27 ವರ್ಷ ಜೈಲಲ್ಲಿದ್ದು ಆಗಷ್ಟೇ ಬಿಡುಗಡೆಯಾಗಿದ್ದ ಅವರು ಅಮೆರಿಕದ ಊರೂರು ಸುತ್ತುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದು ಬರಮಾಡಿಕೊಂಡಿದ್ದರು. ಮಯಾಮಿ ಬೀಚ್‌ಗೆ ಬರುವ ಕೆಲವು ದಿನ ಮೊದಲು ಒಂದು ಟಿವಿ ಕಾರ್ಯಕ್ರಮದಲ್ಲಿ ಅವರು ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಬಗ್ಗೆ ಕೃತಜ್ಞತೆಯಿಂದ ಮಾತಾಡಿದರು. ವರ್ಣಭೇದದ ವಿರುದ್ಧದ ಹೋರಾಟಕ್ಕೆ ಕ್ಯೂಬಾ ಬೆಂಬಲವಾಗಿ ನಿಂತಿತ್ತು. ಅದನ್ನು ಮರೆಯೋಕೆ ಅವರು ತಯಾರಿರಲಿಲ್ಲ. ಆದರೆ ಮಯಾಮಿ ತುಂಬ ಕ್ಯಾಸ್ಟ್ರೊ ಆಡಳಿತದಿಂದ ಮನೆಮಠ ಬಿಟ್ಟು ಓಡಿಬಂದ ಕ್ಯೂಬನ್ನರು. ಅವರ ಗಾಯವೂ ನಿಜವೇ. ಆ ಭಾಗದ ಐವರು ಕ್ಯೂಬನ್ ಅಮೆರಿಕನ್ ಮೇಯರ್‌ಗಳು ಮಂಡೇಲಾ ಮಾತನ್ನು ಖಂಡಿಸಿ ಹೇಳಿಕೆಗೆ ಸಹಿ ಹಾಕಿದರು. ಅಧಿಕೃತ ಸ್ವಾಗತ ಸಿಗಲಿಲ್ಲ.

ಜೂನ್ 28ರಂದು ಮಂಡೇಲಾ ಮಯಾಮಿ ಬೀಚ್ ಕನ್ವೆನ್ಷನ್ ಸೆಂಟರ್‌ನಲ್ಲಿ ಸರ್ಕಾರಿ ನೌಕರರ ಸಂಘದ ಸಮಾವೇಶದಲ್ಲಿ ಮಾತಾಡಿದರು. ಒಳಗೆ ಚಪ್ಪಾಳೆ. ಹೊರಗೆ ಒಂದು ಕಡೆ ಬೆಂಬಲಿಗರು, ಇನ್ನೊಂದು ಕಡೆ ವಿರೋಧಿಗಳು.

ಕಪ್ಪು ಸಮುದಾಯಕ್ಕೆ ಇದು ಎದೆಗೆ ಒದ್ದ ಹಾಗಾಯಿತು. ಎಚ್.ಟಿ. ಸ್ಮಿತ್ ಎಂಬ ವಕೀಲರ ಮುಂದಾಳತ್ವದಲ್ಲಿ ಜುಲೈನಲ್ಲಿ ಬಹಿಷ್ಕಾರ ಶುರುವಾಯಿತು. ಕರೆ ಸರಳವಾಗಿತ್ತು: ಸಮಾವೇಶ, ಸಭೆ ಯಾವುದನ್ನೂ ಮಯಾಮಿಗೆ ತರಬೇಡಿ. ಮಂಡೇಲಾಗೆ ಆದ ಅವಮಾನಕ್ಕೆ ಕ್ಷಮೆ ಒಂದು ಬೇಡಿಕೆ. ಅದರ ಜೊತೆಗೆ ಹೋಟೆಲ್ ಉದ್ಯಮದಲ್ಲಿ ಒಳ್ಳೆಯ ಹುದ್ದೆಗಳು, ವ್ಯಾಪಾರದಲ್ಲಿ ಪಾಲು ಬೇಕು ಅಂದರು. ಕಲ್ಲು ತೂರಲಿಲ್ಲ, ಬೆಂಕಿ ಹಚ್ಚಲಿಲ್ಲ, ಸುಮ್ನೆ ಬರುವುದನ್ನು ನಿಲ್ಲಿಸಿದರು. ಒಂದರ ಹಿಂದೆ ಒಂದು ಸಂಘಟನೆ ತನ್ನ ಸಮಾವೇಶವನ್ನು ಬೇರೆ ಊರಿಗೆ ಒಯ್ದಿತು. ಪ್ರವಾಸಿಗರನ್ನೇ ನಂಬಿದ ಊರಿಗೆ ಕೋಟಿಗಟ್ಟಲೆ ಡಾಲರ್ ನಷ್ಟ.

ಸುಮಾರು ಸಾವಿರ ದಿನ ಹೀಗೇ ನಡೆದು 1993ರ ಮೇ ತಿಂಗಳಲ್ಲಿ 20 ಅಂಶಗಳ ಒಪ್ಪಂದವಾಯಿತು. ಕಪ್ಪು ವಿದ್ಯಾರ್ಥಿಗಳಿಗೆ ಹೋಟೆಲ್ ನಿರ್ವಹಣೆ ಓದಲು ವಿದ್ಯಾರ್ಥಿವೇತನ ಬಂತು. ಮಯಾಮಿ ಬೀಚ್‌ನಲ್ಲಿ ಕಪ್ಪು ಒಡೆತನದ ದೊಡ್ಡ ಹೋಟೆಲ್‌ಗೆ ನಗರ ನೆರವಾಗುತ್ತದೆ ಎಂಬ ಮಾತೂ ಸಿಕ್ಕಿತು. ಮಾತು ಕಟ್ಟಡವಾಗೋಕೆ ಒಂಬತ್ತು ವರ್ಷ ಬೇಕಾಯಿತು. ಉದ್ಯಮಿ ಆರ್. ಡೊನಾಹ್ಯೂ ಪೀಬಲ್ಸ್ ಅವರ ರಾಯಲ್ ಪಾಮ್ ಹೋಟೆಲ್ 2002ರಲ್ಲಿ ಕಡಲಿಗೆ ಮುಖಮಾಡಿ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಅವರು ಅದನ್ನು ಮಾರಿದರು.

ನಮ್ಮ ಸಿನಿಮಾ ಹಬ್ಬ ಈ ದ್ವೀಪಕ್ಕೆ ಬಂದದ್ದೂ ಅದೇ 2002ರಲ್ಲಿ. 1997ರಲ್ಲಿ ಮೆಕ್ಸಿಕೊದ ಅಕಪುಲ್ಕೊದಲ್ಲಿ ಜೆಫ್ ಫ್ರೈಡೆ, ಬೈರನ್ ಲೂಯಿಸ್, ವಾರಿಂಗ್ಟನ್ ಹಡ್ಲಿನ್ ಇದನ್ನು ಶುರುಮಾಡಿದ್ದರು. ಮಯಾಮಿಗೆ ಬಂದ ಮೇಲೂ ಒಂದೇ ಕಡೆ ನೆಲೆಯೂರಲಿಲ್ಲ. ನಡುವೆ ಲಾಸ್ ಏಂಜಲೀಸ್‌ಗೆ ಹೋಯಿತು, 2015ರಲ್ಲಿ ನ್ಯೂಯಾರ್ಕ್‌ಗೆ ಹೋಯಿತು, ಮತ್ತೆ ಮರಳಿತು. ಹಬ್ಬ ಬೇರೆ ಊರಿಗೆ ಹೋಗಬಲ್ಲದು ಅಂತ ನಗರಕ್ಕೆ ಗೊತ್ತು. ಆಯೋಜಕರಿಗೂ ಗೊತ್ತು. ಪ್ರಾಯೋಜಕತ್ವದ ಮಾತುಕತೆಯಲ್ಲಿ ಈ ಅರಿವಿಗೆ ಬೆಲೆ ಇದೆ ಅಲ್ವಾ?

ಹಬ್ಬದಿಂದ ಏನು ಹುಟ್ಟುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 2011ರಲ್ಲಿ ಇಲ್ಲಿನ ಕಿರುಚಿತ್ರ ಪ್ರಶಸ್ತಿ ಸಿಕ್ಕಿದ್ದು ಆಗಿನ್ನೂ ಹೆಸರು ಮಾಡಿರದ ರಯಾನ್ ಕೂಗ್ಲರ್‌ಗೆ, ವಿದ್ಯಾರ್ಥಿಯಾಗಿದ್ದಾಗ ಮಾಡಿದ ಚಿತ್ರಕ್ಕೆ. ಏಳು ವರ್ಷದ ನಂತರ ತೆರೆಕಂಡ ಹಾಲಿವುಡ್‌ನ ದೊಡ್ಡ ಚಿತ್ರ 'ಬ್ಲ್ಯಾಕ್ ಪ್ಯಾಂಥರ್' ನಿರ್ದೇಶಿಸಿದ್ದು ಅವರೇ.

ಈಗ ದುಡ್ಡಿನ ವಿಷಯ. ಮಯಾಮಿ ಬೀಚ್‌ನಲ್ಲಿ ಹೋಟೆಲ್ ಕೋಣೆಯ ಬಾಡಿಗೆ ಮೇಲೆ ನಗರ 4 ಪರ್ಸೆಂಟ್, ಊಟ ಮತ್ತು ಪಾನೀಯದ ಮೇಲೆ 2 ಪರ್ಸೆಂಟ್ ರೆಸಾರ್ಟ್ ತೆರಿಗೆ ಹಾಕುತ್ತದೆ. ನಮ್ಮಲ್ಲಿ ಹೋಟೆಲ್ ಬಿಲ್ಲಿನ ಜಿಎಸ್‌ಟಿ ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ. ಅಲ್ಲಿ ಈ ತೆರಿಗೆ ನಗರದ ಬೊಕ್ಕಸಕ್ಕೇ ಬರುತ್ತದೆ. ಅದರ ಒಂದು ಪಾಲು ಪ್ರವಾಸೋದ್ಯಮಕ್ಕಾಗಿರುವ ನಗರದ ಪ್ರಾಧಿಕಾರಕ್ಕೆ ಸಿಗುತ್ತದೆ. ಹಬ್ಬ ಹರಿದಿನಗಳಿಗೆ ಅನುದಾನ ಕೊಡುವುದು ಅದು. ಅರ್ಜಿ ಹಾಕಿದವರನ್ನು ಕೇಳುವುದು ಕಲೆಯ ಬಗ್ಗೆ ಕಡಿಮೆ, ಎಷ್ಟು ಕೋಣೆ ಭರ್ತಿಯಾಗುತ್ತವೆ, ಊರಿಗೆ ಎಷ್ಟು ಪ್ರಚಾರ ಸಿಗುತ್ತದೆ ಅನ್ನುವುದೇ ಜಾಸ್ತಿ. ಹಬ್ಬಕ್ಕೆ ಬಂದವರು ಕಟ್ಟಿದ ತೆರಿಗೆಯೂ ಅದೇ ಬೊಕ್ಕಸ ಸೇರುತ್ತದೆ. ಹಾಗಾಗಿ ಇದನ್ನು ದಾನ ಅನ್ನೋಕೆ ನನ್ನ ನಾಲಿಗೆ ಏಳುವುದಿಲ್ಲ.

ನಗರದ ಹಣ ಎಷ್ಟು ಮುಖ್ಯ ಅನ್ನುವುದು ಇತ್ತೀಚೆಗೆ ಇನ್ನೂ ಎದ್ದು ಕಾಣುತ್ತಿದೆ. 2023ರ ಮೇ ತಿಂಗಳಲ್ಲಿ, ಹಬ್ಬಕ್ಕೆ ಕೆಲವೇ ವಾರ ಇರುವಾಗ, ಕಪ್ಪು ಜನರ ಹಳೆಯ ಹಕ್ಕು ಸಂಘಟನೆ ಎನ್‌ಎಎಸಿಪಿ ಫ್ಲಾರಿಡಾಗೆ ಹೋಗುವವರು ಯೋಚಿಸಿ ಹೋಗಿ ಎಂದು ಎಚ್ಚರಿಸಿತು. ರಾಜ್ಯ ಸರ್ಕಾರ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸ ಕಲಿಸುವುದಕ್ಕೆ ಅಡ್ಡಗಾಲು ಹಾಕುತ್ತಿದೆ ಎಂಬುದು ಅದರ ದೂರು. ಹಬ್ಬ ನಿಲ್ಲಲಿಲ್ಲ. ಮರುವರ್ಷ ಗವರ್ನರ್ ರಾನ್ ಡಿಸ್ಯಾಂಟಿಸ್ ರಾಜ್ಯದ ಕಲಾ ಅನುದಾನ 3.2 ಕೋಟಿ ಡಾಲರ್ ಅಷ್ಟನ್ನೂ ಒಂದೇ ಏಟಿಗೆ ತಡೆದರು. ಊರೂರಿನ ರಂಗತಂಡ, ಮ್ಯೂಸಿಯಂಗಳು ಕಂಗಾಲಾದವು.

ಕೊಡುವ ಕೈ ಹಿಂದಕ್ಕೂ ಎಳೆದುಕೊಳ್ಳಬಹುದು ಅನ್ನುವುದನ್ನು ಮಯಾಮಿ ಬೀಚ್ ಕೂಡ ತೋರಿಸಿದೆ. 2025ರ ಮಾರ್ಚ್‌ನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಷಯದ, ಆಸ್ಕರ್ ಗೆದ್ದ ಸಾಕ್ಷ್ಯಚಿತ್ರ ತೋರಿಸಿದ್ದಕ್ಕೆ ಓ ಸಿನೆಮಾ ಎಂಬ ಪುಟ್ಟ ಚಿತ್ರಮಂದಿರವನ್ನು ನಗರದ ಕಟ್ಟಡದಿಂದ ಬಿಡಿಸಬೇಕು, ಅನುದಾನ ನಿಲ್ಲಿಸಬೇಕು ಎಂದು ಮೇಯರ್ ಸ್ಟೀವನ್ ಮೈನರ್ ಮುಂದಾದರು. ನಗರದ ಕಮಿಷನರ್‌ಗಳಲ್ಲಿ, ಅಂದರೆ ಚುನಾಯಿತ ಸದಸ್ಯರಲ್ಲಿ, ಹೆಚ್ಚಿನವರು ಒಪ್ಪಲಿಲ್ಲ, ಪ್ರಸ್ತಾಪ ವಾಪಸಾಯಿತು.

ನನಗೆ ಇದಕ್ಕಿಂತ ಜಾಸ್ತಿ ಚುಚ್ಚುವುದು ಮೇ ಕೊನೆಯ ವಾರ. ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ರಜೆಗೆ ದೇಶದ ಎಲ್ಲೆಡೆಯಿಂದ ಕಪ್ಪು ಯುವಕ ಯುವತಿಯರು ಈ ಕಡಲತೀರಕ್ಕೆ ಬರುವುದು 2001ರಿಂದ ರೂಢಿಯಾಗಿದೆ. ಅವರಿಗೆ ಪ್ರಾಯೋಜಕರಿಲ್ಲ, ಕೆಂಪು ಹಾಸಿಲ್ಲ. 2011ರ ಆ ರಜೆಯಲ್ಲಿ ಪೊಲೀಸರು ಒಂದು ಕಾರಿನ ಮೇಲೆ ನೂರಕ್ಕೂ ಜಾಸ್ತಿ ಗುಂಡು ಹಾರಿಸಿದರು. ಚಾಲಕ ಸತ್ತ, ದಾರಿಯಲ್ಲಿದ್ದವರಿಗೂ ಗಾಯವಾಯಿತು. ಆಮೇಲಿನ ವರ್ಷಗಳಲ್ಲಿ ಆ ರಜೆ ಬಂದಾಗ ದ್ವೀಪಕ್ಕೆ ಬರುವ ಸೇತುವೆ ದಾರಿಯಲ್ಲಿ ಕಾರುಗಳ ಸಾಲು ನಿಧಾನವಾಗಿ ಸರಿಯಿತು. ಪೊಲೀಸರು ಒಂದೊಂದು ಕಾರಿನ ನಂಬರ್ ಪ್ಲೇಟನ್ನೂ ಯಂತ್ರದಲ್ಲಿ ಓದಿಸಿ ಒಳಗೆ ಬಿಡುತ್ತಿದ್ದರು. ಅದಾಗಿ ಎರಡು ಮೂರು ವಾರಕ್ಕೆ ಅದೇ ಸೇತುವೆ ದಾಟಿ ಸಿನಿಮಾ ಹಬ್ಬದ ಅತಿಥಿಗಳು ಬರುತ್ತಿದ್ದರು.