ಮೂರನೇ ಮಹಡಿಯಲ್ಲೊಂದು ಹುತ್ತ

ಅಕ್ಕನ ಮಗಳು ಬಸವನಗುಡಿಯಿಂದ ಆಟೋದಲ್ಲಿ ಹಳೆಯ ಮೀನಿನ ತೊಟ್ಟಿಯೊಂದನ್ನು ತಂದು ನಮ್ಮ ಹಾಲ್‌ನಲ್ಲಿ ಇಳಿಸಿದಳು. "ಚಿಕ್ಕಮ್ಮ, ಇದು ಸಾಕಾಗತ್ತೆ ಅಲ್ವಾ?" ಅಂತ ಕೇಳಿದಳು. ಬಾಲ್ ಪೈಥಾನ್ ಸಾಕಬೇಕು ಅನ್ನೋದು ಅವಳ ಎರಡು ವರ್ಷದ ಆಸೆ. ನನ್ನ ಹತ್ತಿರ ಆರು ವರ್ಷದಿಂದ ಒಂದು ಇದೆ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುವ, ತುಂಬಾ ಸಾಧು ಹಾವು ಅದು.

ಸಾಕಾಗಲ್ಲ ಅಂದೆ. ನಾಲ್ಕೂ ಕಡೆ ಗಾಜು, ಮೇಲೆ ಬರೀ ಜಾಲರಿ. ನೋಡುವವರಿಗೆ ಚೆನ್ನ. ಒಳಗಿರುವ ಹಾವಿಗೆ ಅದು ಬಟಾಬಯಲು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದ ಹಾಗೆ ಅಂತ ನಾವು ಆಡಿಕೊಳ್ಳುತ್ತೇವೆ. ಹಾವಿನ ಕಡೆಯಿಂದ ನೋಡಿ. ಹುತ್ತದ ಗೋಡೆ ದಪ್ಪ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು, ರಾತ್ರಿ ಚಳಿ ಬಿದ್ದರೂ ಒಳಗೆ ಬೆಚ್ಚಗೆ. ಮಣ್ಣಿನಲ್ಲಿ ಸದಾ ಸ್ವಲ್ಪ ತೇವ. ಕತ್ತಲು. ಮೈಗೆ ಅಂಟಿಕೊಳ್ಳುವಷ್ಟು ಇಕ್ಕಟ್ಟಾದ ದಾರಿ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಲ್ಲಿ ಅದು ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತದೆ. ಅವಳು ಮೂರನೇ ಮಹಡಿಯ ರೂಮಿನಲ್ಲಿ ಕಟ್ಟಬೇಕಾಗಿರುವುದೂ ಒಂದು ಹುತ್ತವನ್ನೇ.

ಇದೆಲ್ಲ ಯಾಕೆ ಬೇಕು? ಹಾವನ್ನು ತಣ್ಣನೆ ರಕ್ತದ ಪ್ರಾಣಿ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ಮಾತು ದಾರಿ ತಪ್ಪಿಸುತ್ತದೆ. ಬಿಸಿ ಜಾಗದಲ್ಲಿ ಮಲಗಿದ ಹಾವಿನ ರಕ್ತ ನಮ್ಮಷ್ಟೇ ಬೆಚ್ಚಗಿರಬಹುದು. ವ್ಯತ್ಯಾಸ ಇರುವುದು ಶಾಖ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ. ನಾವು ತಿಂದ ಅನ್ನದಲ್ಲಿ ಹೆಚ್ಚು ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡೋಕೇ ಖರ್ಚಾಗುತ್ತದೆ. ಹಾವು ಆ ಖರ್ಚನ್ನೇ ಇಟ್ಟುಕೊಂಡಿಲ್ಲ. ಸುಮ್ನೆ ಮಲಗಿರುವಾಗ ಅದಕ್ಕೆ ಬೇಕಾಗುವ ಶಕ್ತಿ, ಅಷ್ಟೇ ತೂಕದ ಸಸ್ತನಿಗೆ ಬೇಕಾಗುವುದರ ಸುಮಾರು ಹತ್ತನೇ ಒಂದು ಭಾಗ. ಅದಕ್ಕೇ ವಾರಕ್ಕೋ ಹದಿನೈದು ದಿನಕ್ಕೋ ಒಂದು ಇಲಿ ಸಾಕು. ಆದರೆ ಶಾಖವನ್ನು ಹೊರಗಿನಿಂದ ಸಾಲ ತರಬೇಕು. ಸಾಲ ಸಿಗದಿದ್ದರೆ ಜೀರ್ಣಶಕ್ತಿಯೂ ನಿಲ್ಲುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಚಳಿಯಲ್ಲಿ ನುಂಗಿದ ಇಲಿ ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯಲು ಶುರುವಾಗಿ, ಹಾವು ಅದನ್ನು ವಾಂತಿ ಮಾಡಿಬಿಡುತ್ತದೆ.

ಹಾಗಾಗಿ ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಬಾಲ್ ಪೈಥಾನ್‌ಗೆ ಬಿಸಿ ಕಡೆ 31ರಿಂದ 32 ಡಿಗ್ರಿ, ತಂಪು ಕಡೆ 25ರಿಂದ 27. ಉಣ್ಣುವಾಗ, ಪೊರೆ ಬಿಡುವಾಗ, ಸುಮ್ನೆ ಬಿದ್ದಿರುವಾಗ ಎಷ್ಟು ಶಾಖ ಬೇಕು ಅಂತ ಹಾವಿಗೇ ಗೊತ್ತು. ಅದು ಆ ಕಡೆ ಈ ಕಡೆ ಸರಿಯುತ್ತಾ ತನ್ನ ಮೈಯನ್ನು ಹದಕ್ಕೆ ತಂದುಕೊಳ್ಳುತ್ತದೆ. ಇಡೀ ಪೆಟ್ಟಿಗೆಯನ್ನು ಒಂದೇ ಸಮ ಬಿಸಿ ಮಾಡಿದರೆ ಆ ಆಯ್ಕೆಯೇ ಹೋಯಿತು.

ನಾನು ಮೊದಲು ಮಾಡಿದ ತಪ್ಪು ಇಲ್ಲೇ. ಬಿಸಿ ತುದಿ, ತಂಪು ತುದಿ ಎರಡೂ ಸರಿಯಾಗಿತ್ತು. ಅಡಗಿಕೊಳ್ಳೋಕೆ ಮಾತ್ರ ಒಂದೇ ಗೂಡು ಇಟ್ಟಿದ್ದೆ, ಅದೂ ತಂಪು ಕಡೆ. ಹಾವು ಅದರೊಳಗೆ ಸೇರಿ ಹೊರಗೇ ಬರಲಿಲ್ಲ. ಮೂರು ವಾರ ಏನೂ ತಿನ್ನಲಿಲ್ಲ. ಬೆಚ್ಚಗಿರುವುದಾ, ಅಡಗಿರುವುದಾ ಅಂತ ಆರಿಸಬೇಕಾಗಿ ಬಂದಾಗ ಅದು ಅಡಗುವುದನ್ನೇ ಆರಿಸಿತು. ಮೈ ತಣ್ಣಗಿದ್ದರೆ ಹಸಿವೂ ಇಲ್ಲ. ಬಿಸಿ ಕಡೆ ಇನ್ನೊಂದು ಗೂಡು ಇಟ್ಟ ಮೇಲೆ, ಐದನೇ ದಿನ ಇಲಿ ಹಿಡಿಯಿತು. ಅವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆದ್ದರಿಂದ ಗೂಡು ಎರಡು ಇರಲೇಬೇಕು, ಎರಡೂ ಒಂದೇ ಥರ. ಪಾಟರಿ ಟೌನ್‌ನಲ್ಲಿ ಸಿಗುವ ಮಣ್ಣಿನ ಕುಂಡವನ್ನು ಕವುಚಿ, ಅಂಚಿನಲ್ಲಿ ಹಾವು ನುಸುಳುವಷ್ಟು ಬಾಗಿಲು ಮಾಡಿದರೆ ಸಾಕು. ಸುತ್ತಿಕೊಂಡಾಗ ಮೈ ಗೋಡೆಗೆ ತಾಗಬೇಕು. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಮರಿ ಹೆದರುತ್ತದೆ ಅಂತ ಹಲವರು ಹೇಳುತ್ತಾರೆ. ನನ್ನ ಪ್ರಕಾರ ಹೆದರಿಸುವುದು ದೊಡ್ಡ ಜಾಗ ಅಲ್ಲ, ಖಾಲಿ ಜಾಗ. ನಡುವೆ ಕೊಂಬೆ, ಒಣ ಎಲೆ, ತೊಗಟೆ ತುಂಬಿ. ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪೆಟ್ಟಿಗೆ ಕೊಡಿ. ಪ್ಲೈವುಡ್ ಪೆಟ್ಟಿಗೆಗೆ ಮುಂದೆ ಮಾತ್ರ ಗಾಜಿನ ಬಾಗಿಲಿದ್ದರೆ ಶಾಖವೂ ತೇವವೂ ನಿಲ್ಲುತ್ತವೆ. ಬಾಗಿಲಿಗೆ ಬೀಗ ಹಾಕಿ. ಸಂದು ಸಿಕ್ಕರೆ ಹಾವು ಮೂಗು ತೂರಿಸಿಯೇ ತೂರಿಸುತ್ತದೆ.

ಬೆಂಗಳೂರಿನ ಹವೆಯನ್ನು ನಂಬಿ ಹೀಟರ್ ಬೇಡ ಅನ್ನುವವರಿದ್ದಾರೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಜನವರಿಯ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ನಮಗೆ ಒಂದು ಸ್ವೆಟರ್ ಸಾಕು, ಹಾವಿಗೆ ಸಾಲದು. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಮುಟ್ಟಿತ್ತು. ಶೀಟ್ ಹಾಕಿದ ಮೇಲ್ಮಹಡಿಯ ರೂಮಿನಲ್ಲಿ ಅಂಥ ದಿನ ಹಾವು ಸತ್ತೇ ಹೋಗಬಹುದು. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಯಾವ ಕಾಲಕ್ಕೂ ಇಡಬೇಡಿ.

ಹೀಟ್ ಮ್ಯಾಟ್ ಆಗಲಿ, ಸಿರಾಮಿಕ್ ಹೀಟರ್ ಆಗಲಿ, ಶಾಖ ಬೇಕಾದಷ್ಟಾದಾಗ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬೇಡಿ. ಇದೊಂದರಲ್ಲಿ ದುಡ್ಡು ಉಳಿಸೋದು ತಪ್ಪು. ಕೆಳಗಿನಿಂದ ಹೊಟ್ಟೆ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಏಳುವುದಿಲ್ಲ. ಗಾಯ ನಮಗೆ ಕಾಣುವ ಹೊತ್ತಿಗೆ ಚರ್ಮ ಬೆಂದಿರುತ್ತದೆ. ಡಿಜಿಟಲ್ ಥರ್ಮೋಸ್ಟಾಟ್ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ. ಅದರ ಸೆನ್ಸರ್ ಅಲುಗಾಡದ ಹಾಗೆ ಬಿಗಿಯಾಗಿ ಕೂರಿಸಿ. ಅದು ತಂಪು ಕಡೆ ಜಾರಿ ಬಿದ್ದರೆ ಹೀಟರ್ ಆಫ್ ಆಗುವುದೇ ಇಲ್ಲ. ಕರೆಂಟ್ ಹೋದಾಗ ಸಣ್ಣ ಮ್ಯಾಟನ್ನು ಮನೆಯ ಇನ್ವರ್ಟರ್ ಆರಾಮಾಗಿ ನಡೆಸುತ್ತದೆ.

ಆಮೇಲೆ ತೇವ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದ ಹಾಗೆ ಒಂದು ಪಾರದರ್ಶಕ ಪೊರೆ ಇರುತ್ತದೆ. ಮೈಯ ಪೊರೆ ಕಳಚುವಾಗ ಅದೂ ಕಳಚಬೇಕು. ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಪೊರೆ ಹರಿದು ಚೂರುಚೂರಾಗಿ, ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಅಂಟಿಕೊಂಡುಬಿಡುತ್ತದೆ. ತೇವ ನೂರಕ್ಕೆ 60ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ನೆಲಕ್ಕೆ ತೆಂಗಿನ ನಾರಿನ ಪುಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಗೊಬ್ಬರ ಬೆರೆಸದ್ದನ್ನೇ ಕೇಳಿ ತನ್ನಿ. ದೇವದಾರು, ಪೈನ್ ಮರದ ಹೊಟ್ಟು ಬೇಡ. ಅದರ ಎಣ್ಣೆಯ ಘಾಟು ಹಾವಿನ ಶ್ವಾಸಕೋಶಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ನೀರು ಚಿಮುಕಿಸುವುದನ್ನು ಕಡಿಮೆ ಮಾಡಿ, ಬೂಷ್ಟು ಹಿಡಿಯುತ್ತದೆ. ಮಗುಚದ ಭಾರವಾದ ಬಟ್ಟಲಿನಲ್ಲಿ ದಿನಾ ಹೊಸ ನೀರು ಇಡಿ. ಹಾಲು ಬೇಡ, ಹಾವಿನ ಹೊಟ್ಟೆಗೆ ಅದು ಆಹಾರ ಅಲ್ಲ.

ಕಾಗದಪತ್ರದ ಮಾತನ್ನು ಅವಳಿಗೆ ಮೊದಲೇ ಹೇಳಿದ್ದೆ. ಕೇರೆ, ನಾಗರ, ಎರಡು ತಲೆ ಹಾವು ಅಂತ ಕದ್ದು ಮಾರುವ ಮಣ್ಣಿನ ಹಾವು, ಇವನ್ನೆಲ್ಲ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಡಿನಿಂದ ಹಿಡಿದು ತಂದ ಹಾವು ಪೆಟ್ಟಿಗೆಯಲ್ಲಿ ಸೊರಗುವುದನ್ನು ನೋಡಿದರೆ ಆ ಕಾನೂನು ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಬಾಲ್ ಪೈಥಾನ್ ವಿದೇಶಿ ಹಾವಾದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಾವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೂ ತಿಳಿಸಬೇಕು. ನೋಂದಣಿ ಪತ್ರ ತೋರಿಸದವರ ಹತ್ತಿರ ಹಾವು ಕೊಳ್ಳಬೇಡಿ.

ಅಕ್ಕನಿಗೂ ಒಂದು ಮಾತು ಹೇಳಿದೆ. ಇದು ಎರಡು ವರ್ಷದ ಖಯಾಲಿ ಅಲ್ಲ. ಬಾಲ್ ಪೈಥಾನ್ 20-30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಸುಮಾರು 62 ವರ್ಷದ ಒಂದು ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟಿತ್ತು.

ಈಗ ಬಸವನಗುಡಿಯಲ್ಲಿ ಪೆಟ್ಟಿಗೆ ತಯಾರಾಗಿದೆ. ಹಾವು ಇನ್ನೂ ಬಂದಿಲ್ಲ. ಎರಡು ವಾರ ಖಾಲಿ ಪೆಟ್ಟಿಗೆಯನ್ನೇ ನಡೆಸು ಅಂತ ಹೇಳಿದ್ದೇನೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹನ್ನೊಂದಕ್ಕೆ ಎರಡೂ ತುದಿಯ ಶಾಖ ಮತ್ತು ತೇವವನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ನಿನ್ನೆ ಬೆಳಿಗ್ಗೆ ಬಿಸಿ ಕಡೆ 28 ತೋರಿಸಿತಂತೆ. ರಾತ್ರಿ ಕಿಟಕಿ ತೆರೆದೇ ಇತ್ತು. ಇವತ್ತು ಪೆಟ್ಟಿಗೆಯನ್ನು ಒಳಗೋಡೆಗೆ ಸರಿಸಿದ್ದಾಳೆ.