ಮ್ಯೂಸಿಯಂನಲ್ಲಿರೋ ಹಳೇ ರೇಸ್ ಕಾರು ಅಸಲಿನಾ? ಈಗಲೂ ಓಡುತ್ತಾ?

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಹತ್ತಿರದಲ್ಲೇ ಬ್ರೂಕ್‌ಲ್ಯಾಂಡ್ಸ್ ಅನ್ನೋ ರೇಸ್ ಕಾರುಗಳ ಮ್ಯೂಸಿಯಂ ಇದೆಯಂತೆ. ಅಲ್ಲಿರುವುದು ನಿಜವಾಗಿ ರೇಸ್ ಓಡಿದ ಕಾರುಗಳಾ, ಇಲ್ಲ ಸುಮ್ನೆ ನೋಡೋಕೆ ಮಾಡಿಟ್ಟಿದ್ದಾ?

ಉತ್ತರ: ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನೀವು ಮೊದಲು ಹುಡುಕಬೇಕಾದ್ದು ನೇಪಿಯರ್-ರೈಲ್ಟನ್ ಅನ್ನೋ ಕಾರು. ಅದು ಅಪ್ಪಟ ಅಸಲಿ. 1933ರಲ್ಲಿ ಜಾನ್ ಕಾಬ್ ಎಂಬ ರೇಸರ್‌ಗಾಗಿ ಕಟ್ಟಿದ್ದು. ಒಳಗಿರುವುದು ವಿಮಾನದ ಇಂಜಿನ್, ಹತ್ತಿರ ಹತ್ತಿರ 24 ಲೀಟರ್. ನಮ್ಮ ಮಾರುತಿ 800ರ ಮೂವತ್ತು ಇಂಜಿನ್ ಒಟ್ಟು ಮಾಡಿದಷ್ಟು! ಇಷ್ಟು ದೊಡ್ಡ ಕಾರಿಗೆ ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬಗ್ಗಿ ಮುಂದಿನ ಚಕ್ರಗಳನ್ನು ನೋಡಿ, ಬ್ರೇಕ್ ಡ್ರಮ್ಮೇ ಕಾಣುವುದಿಲ್ಲ. 1935ರಲ್ಲಿ ಕಾಬ್ ಇದೇ ಕಾರನ್ನು ಬ್ರೂಕ್‌ಲ್ಯಾಂಡ್ಸ್‌ನಲ್ಲೇ ಇದ್ದ ರೇಸ್ ಟ್ರ್ಯಾಕಿನಲ್ಲಿ ಗಂಟೆಗೆ 143.44 ಮೈಲಿ, ಅಂದರೆ ಸುಮಾರು 231 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಓಡಿಸಿದ. 1939ರಲ್ಲಿ ಯುದ್ಧ ಬಂದು ರೇಸ್ ನಿಂತುಹೋಯಿತು. ಹಾಗಾಗಿ ಆ ದಾಖಲೆ ಮುರಿಯೋಕೆ ಯಾರಿಗೂ ಆಗಲೇ ಇಲ್ಲ. ಮುಂದೆ ಈ ಕಾರನ್ನು ವಿಮಾನದ ಬ್ರೇಕ್ ಪ್ಯಾರಾಚೂಟ್ (ಇಳಿದ ವಿಮಾನದ ವೇಗ ತಗ್ಗಿಸುವ ಪ್ಯಾರಾಚೂಟ್) ಪರೀಕ್ಷೆಗೂ ಬಳಸಿದರು. ಇಷ್ಟೆಲ್ಲ ಆದರೂ ಅದು ಈಗಲೂ ಸ್ಟಾರ್ಟ್ ಆಗುತ್ತೆ.

ಎಲ್ಲ ಕಡೆ ಹೀಗಿರುವುದಿಲ್ಲ. 1930ರ ದಶಕದ ಜರ್ಮನಿಯ ಆಟೊ ಯೂನಿಯನ್ ಕಂಪನಿಯ ರೇಸ್ ಕಾರುಗಳನ್ನೇ ತೆಗೆದುಕೊಳ್ಳಿ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಸೋವಿಯತ್ ಒಕ್ಕೂಟದ ಪಾಲಾದವು. ಈಗ ಕಾಣಸಿಗುವ ಹಲವು ಹೊಸದಾಗಿ ಕಟ್ಟಿದವು.

ಇವೆರಡರ ನಡುವೆ ಇನ್ನೊಂದು ಜಾತಿ ಇದೆ. ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಬೆಂಟ್ಲಿಯ 'ಓಲ್ಡ್ ನಂಬರ್ ಒನ್' 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಕಾರು. ಆಮೇಲೆ ಅದಕ್ಕೆ ದೊಡ್ಡ ಇಂಜಿನ್ ಬಂತು, ಷಾಸಿ (ಕೆಳಗಿನ ಚೌಕಟ್ಟು) ಬದಲಾಯಿತು, ಬಾಡಿಯೂ ಬದಲಾಯಿತು. 1932ರಲ್ಲಿ ಇದೇ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ, ಹೊರಬದಿ ಎತ್ತರಿಸಿ ಕಟ್ಟಿದ ಇಳಿಜಾರು ತಿರುವಿನ ಮೇಲಂಚು ದಾಟಿ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಮತ್ತೆ ಕಟ್ಟಿದರು. ಒಂದು ಕೋಟಿ ಪೌಂಡಿನ ಮಾರಾಟದ ಮಾತಾದಾಗ ಇದು ಅದೇ ಕಾರಾ ಅನ್ನೋ ಜಗಳ ಕೋರ್ಟಿಗೆ ಹೋಯಿತು. ಗೆದ್ದಾಗಿನ ಭಾಗಗಳು ಉಳಿದಿದ್ದೇ ಕಡಿಮೆ. ಆದರೂ ಕಾರಿನ ಬದುಕು ಎಲ್ಲೂ ಕಡಿದಿಲ್ಲ, ಇದು ಓಲ್ಡ್ ನಂಬರ್ ಒನ್ನೇ ಅಂತ 1990ರಲ್ಲಿ ತೀರ್ಪು ಬಂತು. ನನ್ನ ಪ್ರಕಾರ ಸರಿಯಾದ ತೀರ್ಪು. ರೇಸ್ ಕಾರು ಅಂದ ಮೇಲೆ ಬಿಡಿಭಾಗ ಬದಲಾಗದೇ ಇರುತ್ತಾ?

ಹಾಗಾಗಿ 'ಇದು ಅಸಲಿನಾ' ಅಂತ ಕೇಳಬೇಡಿ, 'ಇದರಲ್ಲಿ ಯಾವ್ಯಾವುದು ಹಳೇದು' ಅಂತ ಕೇಳಿ. ಅಲ್ಲಿನ ಸ್ವಯಂಸೇವಕರಿಗೆ ಇಂಥ ಪ್ರಶ್ನೆ ಸಿಕ್ಕರೆ ಸಾಕು, ಮಾತು ನಿಲ್ಲುವುದಿಲ್ಲ.

ಟ್ರ್ಯಾಕ್ ಕೂಡ ಬಿಡಬೇಡಿ. ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಟ್ರ್ಯಾಕ್ ಅದು, 1907ರದ್ದು. ಕಾಂಕ್ರೀಟಿನ ಇಳಿಜಾರು ತಿರುವು ಒಂದಷ್ಟು ಉಳಿದಿದೆ. ಅದರ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕಾರು ಇಲ್ಲಿ ಹೇಗೆ ಓಡುತ್ತಿತ್ತಪ್ಪಾ ಅನ್ನಿಸುತ್ತೆ.

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಿಂದ ಮ್ಯೂಸಿಯಂ ಇರುವ ವೇಬ್ರಿಡ್ಜ್‌ ಊರಿಗೆ ರೈಲಿದೆ. ಟಿಕೆಟ್ ಮಾಡಿಸುವ ಮೊದಲು ಯಾವ ದಿನ ಕಾರುಗಳನ್ನು ಹೊರಗೆ ತಂದು ಸ್ಟಾರ್ಟ್ ಮಾಡ್ತಾರೆ ಅಂತ ಮ್ಯೂಸಿಯಂನವರನ್ನೇ ಕೇಳಿಕೊಳ್ಳಿ.