ಎರಡು ಕ್ಯಾಲ್ಕುಲೇಟರ್, ಎರಡು ಉತ್ತರ

ಅಂಗಡಿ ಲೆಕ್ಕ ಬರೆಯುವ ನನ್ನ ಕಚೇರಿಯಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ಇದು ನಡೆಯುತ್ತದೆ. ಯಾರೋ ಒಬ್ಬರು ಗಲ್ಲಾಪೆಟ್ಟಿಗೆ ಪಕ್ಕದ ದೊಡ್ಡ ಗುಂಡಿಯ ಕ್ಯಾಲ್ಕುಲೇಟರನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. "ಇದು ಕೆಟ್ಟಿದೆ ಸಾರ್, ಹೊಸದು ತಗೋಬೇಕಾ?"

ಕಳೆದ ತಿಂಗಳು ಬಂದವರದು ಹಾರ್ಡ್‌ವೇರ್ ಅಂಗಡಿ. 250 ರೂಪಾಯಿಯ ಬೀಗ 3, 120 ರೂಪಾಯಿಯ ಚಿಲಕ 5. ಮೊಬೈಲಿನಲ್ಲಿ 1,350 ಬಂತು. ಕ್ಯಾಲ್ಕುಲೇಟರಿನಲ್ಲಿ 4,350!

ಕೆಟ್ಟಿಲ್ಲ. ದಯವಿಟ್ಟು ಎಸೆಯಬೇಡಿ. ಆ ಯಂತ್ರ ನೀವು ಒತ್ತಿದ ಸಾಲಿನಲ್ಲೇ ಲೆಕ್ಕ ಮುಗಿಸುತ್ತಾ ಹೋಗುತ್ತದೆ. 250 ಗುಣಿಸು 3 ಅಂದಿರಿ, 750 ಆಯಿತು. ಕೂಡಿಸು 120 ಅಂದಿರಿ, 870 ಆಯಿತು. ಆಮೇಲೆ ಗುಣಿಸು 5 ಅಂದಿರಿ. ಅದು ಚಿಲಕವನ್ನಷ್ಟೇ ಅಲ್ಲ, ಬೀಗವನ್ನೂ ಸೇರಿಸಿ ಐದರಿಂದ ಗುಣಿಸಿತು. ಮೊಬೈಲು ಹಾಗಲ್ಲ. ಪೂರ್ತಿ ಸಾಲು ನೋಡಿ, ಮೊದಲು ಎರಡು ಗುಣಾಕಾರ ಮಾಡಿ, ಕೊನೆಗೆ ಕೂಡಿಸುತ್ತದೆ. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರಿನಲ್ಲೇ ನೋಡಿ: 2 + 3 × 4 ಒತ್ತಿದರೆ ಸ್ಟ್ಯಾಂಡರ್ಡ್ ಮೋಡ್‌ನಲ್ಲಿ 20, ಸೈಂಟಿಫಿಕ್ ಮೋಡ್‌ನಲ್ಲಿ 14.

ದೊಡ್ಡ ಗುಂಡಿಯದರಲ್ಲಿ ಬಿಲ್ ಕೂಡಿಸಲು ಎಂ ಪ್ಲಸ್ (M+) ಗುಂಡಿ ಇದೆ, ಬಂದ ಮೊತ್ತವನ್ನು ಮೆಮೊರಿಗೆ ಕೂಡಿಸುತ್ತದೆ. 250 × 3, ಎಂ ಪ್ಲಸ್. 120 × 5, ಎಂ ಪ್ಲಸ್. ಕೊನೆಗೆ ಮೆಮೊರಿಯಲ್ಲಿರುವುದನ್ನು ತೋರಿಸುವ ಎಂಆರ್ (MR) ಒತ್ತಿ, 1,350. ಶುರು ಮಾಡುವ ಮುಂಚೆ ಹಳೇ ಮೆಮೊರಿ ಅಳಿಸಿ. ಹತ್ತರಲ್ಲಿ ಎಂಟು ಮಂದಿ ಮರೆಯುವುದು ಅದನ್ನೇ.

ನನ್ನ ಮೇಜಿನ ಮೇಲಿರುವುದು ಎಚ್‌ಪಿ 12ಸಿ ಕ್ಯಾಲ್ಕುಲೇಟರ್. 1981ರಲ್ಲಿ ಬಂದ ಮಾಡೆಲ್. ಅದರಲ್ಲಿ 'ಸಮ' (=) ಗುಂಡಿಯೇ ಇಲ್ಲ. ಮೊದಲು ಅಂಕಿ, ಆಮೇಲೆ ಏನು ಮಾಡಬೇಕು ಅನ್ನೋದು. 250 ಎಂಟರ್ 3 ಗುಣಿಸು, 120 ಎಂಟರ್ 5 ಗುಣಿಸು, ಕೂಡಿಸು. ಗೊಂದಲಕ್ಕೆ ಜಾಗವೇ ಇಲ್ಲ. ನನಗೆ ತುಂಬಾ ಇಷ್ಟ. ಆದರೂ ಅಂಗಡಿಯವರಿಗೆ ಕೊಳ್ಳಿ ಅನ್ನಲ್ಲ, ಕೈ ಪಳಗಲು ದಿನ ಹಿಡಿಯುತ್ತದೆ.

ಅಡಿಕೆ ಮಂಡಿಯೊಂದರಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಅವರು ಯಾವ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ. ಕಿಲೋಗೆ 480ರಂತೆ ಮೂವತ್ತೇಳೂವರೆ ಕಿಲೋಗೆ ಎಷ್ಟು? ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು. "ನಲವತ್ತಕ್ಕೆ ಹತ್ತೊಂಬತ್ತು ಸಾವಿರದ ಇನ್ನೂರು. ಎರಡೂವರೆದು ಸಾವಿರದ ಇನ್ನೂರು ಕಳಿ. ಹದಿನೆಂಟು ಸಾವಿರ." ನಾನು ಎರಡನೇ ಅಂಕಿ ಒತ್ತುವಷ್ಟರಲ್ಲಿ ಅವರು ಚೀಟಿ ಬರೆದಾಗಿರುತ್ತಿತ್ತು.

ಶೇಕಡಾ ಗುಂಡಿ ಬಗ್ಗೆ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಡಲಾರೆ. 100 + 20 % ಒತ್ತಿದರೆ ಕೆಲವು ಯಂತ್ರ 120 ಅನ್ನುತ್ತವೆ, ಕೆಲವು 125. ಎರಡನೆಯದು ಮಾರಾಟ ಬೆಲೆಯ ಮೇಲೆ ಶೇಕಡಾ 20 ಲಾಭ ಇಟ್ಟು ತೆಗೆದ ಲೆಕ್ಕ. ತೆರಿಗೆ ಸೇರಿದ ಬೆಲೆಯಿಂದ ಶೇಕಡಾ 18ರ ತೆರಿಗೆ ಬಿಡಿಸಲು ಆ ಗುಂಡಿ ಬೇಡವೇ ಬೇಡ. 1,180ನ್ನು 1.18ರಿಂದ ಭಾಗಿಸಿ, 1,000 ಬರುತ್ತದೆ. ಶೇಕಡಾ 18 ಕಳೆದರೆ ಬರೋದು 967.60, ತೆರಿಗೆ 32.40 ಜಾಸ್ತಿ ತೋರಿಸಿದಂತಾಯಿತು ಅಲ್ವಾ?

ಹಾರ್ಡ್‌ವೇರ್‌ನವರು ಮೊನ್ನೆ ಫೋನ್ ಮಾಡಿದ್ದರು. ಎಂ ಪ್ಲಸ್ ಗುಂಡಿಯ ಮೇಲೆ ಮಗಳ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾರಂತೆ.